ಬದುವಿನ ಕರಿಜಾಲಿ: ಮುಳ್ಳು ಕಂಡಿತು, ಮರ ಕಾಣಲಿಲ್ಲ

ಗೋಕಾಕ: ಗೋಕಾಕ ಎಂದೊಡನೆ ನೆನಪಿಗೆ ಬರುವವು ಎರಡು. ಒಂದು ಘಟಪ್ರಭೆಯ ಜಲಪಾತ, ಇನ್ನೊಂದು ಕರದಂಟು. ಜಲಪಾತವನ್ನು ನೋಡಲು ಬಂದವರು ಕರದಂಟಿನ ಪೊಟ್ಟಣವಿಲ್ಲದೆ ಊರಿಗೆ ಮರಳುವುದು ಅಪರೂಪ. ಆದರೆ ಆ ಸಿಹಿಯ ಹೆಸರಿನಲ್ಲೇ ಒಂದು ಮರ ಅಡಗಿದೆ ಎಂಬುದು ಎಷ್ಟು ಜನರ ಗಮನಕ್ಕೆ ಬಂದಿದೆಯೋ ತಿಳಿಯದು. ಕರಿದ ಅಂಟು ಕರದಂಟು. ತುಪ್ಪದಲ್ಲಿ ಕರಿದಾಗ ಅರಳಿನಂತೆ ಉಬ್ಬುವ ಆ ಅಂಟನ್ನು ಕೊಡುವ ಮರಗಳಲ್ಲಿ ನಮ್ಮ ಭಾಗಕ್ಕೆ ತೀರ ಪರಿಚಿತವಾದುದು ಕರಿಜಾಲಿ.

ಗೋಕಾಕ, ಹಿಂದೆ ಗೋಕಾಕ ತಾಲ್ಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮೂಡಲಗಿ ಹಾಗೂ ಪಕ್ಕದ ಹುಕ್ಕೇರಿ ಈ ಮೂರೂ ತಾಲ್ಲೂಕುಗಳ ಹೊಲದ ಬದು, ಹಳ್ಳದ ದಂಡೆ, ಕೆರೆಯಂಗಳಗಳಲ್ಲಿ ಯಾರೂ ನೆಡದೆ, ಯಾರೂ ನೀರುಣಿಸದೆ ಬೆಳೆದು ನಿಂತ ಮರ ಇದು. ಚಕ್ಕಡಿಯ ಗಾಲಿಯಿಂದ ಕೊಡಲಿಯ ಕಾವಿನವರೆಗೆ, ಬಾಣಂತಿಯ ಅಂಟಿನ ಉಂಡಿಯಿಂದ ಚಪ್ಪಲಿಯ ಬಣ್ಣದವರೆಗೆ ರೈತಾಪಿ ಬದುಕಿನ ಹತ್ತಾರು ಅಗತ್ಯಗಳನ್ನು ಪೂರೈಸಿದ ಈ ಮರ ಇಂದು ಬದುವಿನಿಂದ ಸದ್ದಿಲ್ಲದೆ ಸರಿಯುತ್ತಿದೆ. ಈ ಹಿನ್ನೆಲೆಯಲ್ಲಿ ಕರಿಜಾಲಿಯ ಗುಣಲಕ್ಷಣ, ಉಪಯೋಗ ಹಾಗೂ ಅದರ ಇಂದಿನ ಸ್ಥಿತಿಯನ್ನು ಪರಿಚಯಿಸುವ ಪ್ರಯತ್ನ ಇಲ್ಲಿದೆ.

ಮರದ ಪರಿಚಯ

ಕರಿಜಾಲಿಯು ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಮರ. ಅಂದರೆ ತೊಗರಿ, ಕಡಲೆ, ಹುಣಸೆಗಳ ದೂರದ ಬಂಧು. ಮಧ್ಯಮ ಎತ್ತರಕ್ಕೆ ಬೆಳೆಯುವ ಇದರ ತೊಗಟೆ ಕಪ್ಪು ಮಿಶ್ರಿತ ಕಂದು ಬಣ್ಣದ್ದು. ವಯಸ್ಸಾದಂತೆ ಉದ್ದುದ್ದಕ್ಕೆ ಆಳವಾಗಿ ಬಿರಿಯುತ್ತದೆ. 'ಕರಿ' ಎಂಬ ವಿಶೇಷಣ ಬಂದದ್ದು ಇದರಿಂದಲೇ. ಎಲೆಗಳು ಗರಿಯಂತೆ ಎರಡು ಬಾರಿ ಕವಲೊಡೆದು, ಚಿಕ್ಕ ಚಿಕ್ಕ ಎಸಳುಗಳಿಂದ ಕೂಡಿರುತ್ತವೆ. ಎಲೆಯ ಬುಡದಲ್ಲಿ ಜೋಡಿಜೋಡಿಯಾಗಿ ನೇರವಾದ ಬಿಳಿ ಮುಳ್ಳುಗಳಿರುತ್ತವೆ. ಹೂವು ಹಳದಿ ಬಣ್ಣದ ಪುಟ್ಟ ಚೆಂಡಿನಂತಿದ್ದು ನವಿರಾದ ಪರಿಮಳ ಹೊಂದಿದೆ. ಕಾಯಿ ಮಾತ್ರ ಬೇರೆ ಯಾವ ಮರದೊಂದಿಗೂ ಗೊಂದಲವಾಗದಷ್ಟು ವಿಶಿಷ್ಟ. ಒಂದು ಬೀಜಕ್ಕೂ ಇನ್ನೊಂದು ಬೀಜಕ್ಕೂ ನಡುವೆ ಕಾಯಿ ಕಿರಿದಾಗುವುದರಿಂದ ಅದು ಮಣಿಸರದಂತೆ ಕಾಣುತ್ತದೆ. ಮೇಲೆ ಬೂದು ಬಣ್ಣದ ನಯವಾದ ರೋಮವಿರುತ್ತದೆ.

ಮರಾಠಿಯಲ್ಲಿ ಬಾಭೂಳ, ಹಿಂದಿಯಲ್ಲಿ ಬಬೂಲ್ ಅಥವಾ ಕೀಕರ್, ತೆಲುಗಿನಲ್ಲಿ ನಲ್ಲತುಮ್ಮ, ತಮಿಳಿನಲ್ಲಿ ಕರುವೇಲಂ ಎಂದು ಕರೆಯಲ್ಪಡುವುದು ಇದೇ ಮರ. ಹಳೆಯ ಮೈಸೂರು ಭಾಗದಲ್ಲಿ ಗೊಬ್ಬಳಿ ಎಂಬ ಹೆಸರೂ ಇದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಮಿಮೋಸಾ ನಿಲೋಟಿಕಾ ಎಂದು ಹೆಸರಿಸಿದ. ನೈಲ್ ನದಿಯ ತೀರದ್ದು ಎಂಬುದು 'ನಿಲೋಟಿಕಾ' ಪದದ ಅರ್ಥ. ಬಹುಕಾಲ ಅಕೇಸಿಯಾ ನಿಲೋಟಿಕಾ ಎಂದು ಪಠ್ಯಪುಸ್ತಕಗಳಲ್ಲಿ ಕಾಣಿಸಿಕೊಂಡ ಈ ಮರ ಇಂದು ವಾಚೆಲಿಯಾ ನಿಲೋಟಿಕಾ ಆಗಿದೆ. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನವು ಅಕೇಸಿಯಾ ಎಂಬ ಹೆಸರನ್ನು ಮುಖ್ಯವಾಗಿ ಆಸ್ಟ್ರೇಲಿಯಾದ ಮರಗಳಿಗೆ ಉಳಿಸಿಕೊಟ್ಟಿತು. ಆಫ್ರಿಕಾ ಮತ್ತು ಭಾರತದ ಮುಳ್ಳುಜಾಲಿಗಳಿಗೆ ಬೇರೆ ಹೆಸರು ಹುಡುಕಬೇಕಾಯಿತು. ವಿಜ್ಞಾನಿಗಳ ಪಟ್ಟಿಯಲ್ಲಿ ಹೆಸರು ಎಷ್ಟು ಸಲ ಬದಲಾದರೂ ನಮ್ಮ ರೈತನಿಗೆ ಅದು ಜಾಲಿಯೇ.

ನೈಲ್ ತೀರದ ಜನರಿಗೂ ಈ ಜಾತಿಯ ಮರದ ಗಟ್ಟಿತನ ಪ್ರಾಚೀನ ಕಾಲದಿಂದ ತಿಳಿದಿತ್ತು. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಈಜಿಪ್ಟಿನವರು ಸರಕಿನ ದೋಣಿಗಳನ್ನು ಅಂಟು ಒಸರುವ ಮುಳ್ಳುಮರದ ಕಟ್ಟಿಗೆಯಿಂದ ಕಟ್ಟುವುದನ್ನು ದಾಖಲಿಸಿದ್ದಾನೆ.

ಎರಡು ಮರ, ಒಂದೇ ಹೆಸರು

ಕರಿಜಾಲಿಯ ಬಗ್ಗೆ ಮಾತನಾಡುವಾಗ ಮೊದಲು ಬಗೆಹರಿಸಿಕೊಳ್ಳಬೇಕಾದ ಗೊಂದಲವೊಂದಿದೆ. ಇಂದು ರಸ್ತೆ ಬದಿ, ಪಾಳು ಜಮೀನು, ಗೋಮಾಳಗಳಲ್ಲಿ ಪೊದೆಪೊದೆಯಾಗಿ ಹಬ್ಬಿರುವುದು ಬಹುಪಾಲು ಕರಿಜಾಲಿಯಲ್ಲ. ಅದು ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದರ ಮೂಲ ಮಧ್ಯ ಹಾಗೂ ದಕ್ಷಿಣ ಅಮೆರಿಕ. 19ನೇ ಶತಮಾನದ ಉತ್ತರಾರ್ಧದಲ್ಲಿ ಬರಪೀಡಿತ ಪ್ರದೇಶಗಳಿಗೆ ಉರುವಲು ಒದಗಿಸುವ ಉದ್ದೇಶದಿಂದ ಅದನ್ನು ಭಾರತಕ್ಕೆ ತರಲಾಯಿತು. ಬಂದ ಗಿಡ ನಿಲ್ಲಲಿಲ್ಲ. ಹುಲ್ಲುಗಾವಲು, ಕೆರೆಯಂಗಳ, ಬೀಳು ಭೂಮಿಯನ್ನೆಲ್ಲ ಆಕ್ರಮಿಸಿತು.

ಎರಡನ್ನೂ ಗುರುತಿಸುವುದು ಕಷ್ಟವೇನಲ್ಲ. ಕರಿಜಾಲಿಯ ಹೂವು ಹಳದಿ ಚೆಂಡು. ಬಳ್ಳಾರಿ ಜಾಲಿಯದು ಉದ್ದನೆಯ ತೆನೆ. ಕರಿಜಾಲಿಯ ಕಾಯಿ ಬೂದು ಬಣ್ಣದ ಮಣಿಸರ. ಬಳ್ಳಾರಿ ಜಾಲಿಯದು ಹಣ್ಣಾದಾಗ ಹಳದಿಯಾಗುವ, ಸಿಹಿ ತಿರುಳಿನ ನೀಳ ಕಾಯಿ. ಕರಿಜಾಲಿ ಸಾಮಾನ್ಯವಾಗಿ ಒಂದೇ ಕಾಂಡದ ಮರವಾಗಿ ಬೆಳೆದರೆ ಬಳ್ಳಾರಿ ಜಾಲಿ ಬುಡದಿಂದಲೇ ಹಲವು ಕಾಂಡಗಳಾಗಿ ಒಡೆಯುತ್ತದೆ. ಕಡಿದರೆ ಬಳ್ಳಾರಿ ಜಾಲಿ ಮತ್ತೆ ಹುರುಪಿನಿಂದ ಚಿಗುರುತ್ತದೆ; ಕರಿಜಾಲಿಯ ಮೋಟು ಅಷ್ಟು ಸುಲಭವಾಗಿ ಚಿಗುರುವುದಿಲ್ಲ. ಈ ಕೊನೆಯ ವ್ಯತ್ಯಾಸವೇ ಮಹತ್ವದ್ದು. 'ಜಾಲಿ ತೆಗೆಯುವ' ಕೆಲಸದಲ್ಲಿ ಎರಡೂ ಒಂದೇ ಕೊಡಲಿಗೆ ಬಲಿಯಾದಾಗ ಪರದೇಶಿ ಗಿಡ ಮರುವರ್ಷ ತಲೆ ಎತ್ತುತ್ತದೆ, ಊರಿನ ಮರ ಏಳುವುದಿಲ್ಲ.

ಇವುಗಳ ಜೊತೆಗೆ ಬಿಳಿಜಾಲಿ ಎಂಬ ಇನ್ನೊಂದು ಸ್ಥಳೀಯ ಮರವೂ ಇದೆ. ತೊಗಟೆಯ ತಿಳಿ ಬಣ್ಣದಿಂದ ಅದನ್ನು ದೂರದಿಂದಲೇ ಗುರುತಿಸಬಹುದು.

ಕಟ್ಟಿಗೆಯ ಗುಣ

ಕರಿಜಾಲಿಯ ಕಾಂಡವನ್ನು ಅಡ್ಡ ಕೊಯ್ದರೆ ಎರಡು ಬಣ್ಣ ಸ್ಪಷ್ಟವಾಗಿ ಕಾಣುತ್ತವೆ. ಹೊರಗಿನ ಎಳೆಯ ಭಾಗ ಬಿಳಿ ಹಳದಿ. ಒಳಗಿನ ಕೆಚ್ಚು ನಸುಗೆಂಪು. ಗಾಳಿಗೆ ತೆರೆದುಕೊಂಡು ಕಾಲ ಕಳೆದಂತೆ ಕೆಚ್ಚು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಬಾಳಿಕೆ ಇರುವುದು ಕೆಚ್ಚಿನಲ್ಲಿ. ಹೊರಭಾಗಕ್ಕೆ ಕೊರೆಯುವ ಹುಳುವಿನ ಕಾಟ ಹೆಚ್ಚು. ಆದ್ದರಿಂದಲೇ ಅನುಭವಿ ಬಡಿಗೇರರು ಕಡಿದ ದಿಮ್ಮಿಯನ್ನು ಕೆರೆ ಅಥವಾ ಹಳ್ಳದ ನೀರಿನಲ್ಲಿ ಕೆಲಕಾಲ ಮುಳುಗಿಸಿಟ್ಟು, ಬಳಿಕ ನೆರಳಿನಲ್ಲಿ ಒಣಗಿಸಿ ಬಳಸುವ ಪದ್ಧತಿ ಇತ್ತು. ನೀರಿನಲ್ಲಿ ನೆನೆದ ಕಟ್ಟಿಗೆಯಿಂದ ಹುಳುವಿಗೆ ಆಹಾರವಾಗುವ ಸತ್ವ ಕರಗಿ ಹೋಗುತ್ತದೆ ಎಂಬುದು ಇದರ ಹಿಂದಿನ ಕಾರಣ.

ಒಣಗಿದ ಕರಿಜಾಲಿಯ ಒಂದು ಘನ ಅಡಿ ಕಟ್ಟಿಗೆ ಸುಮಾರು 22 ಕಿಲೋ ತೂಗುತ್ತದೆ. ಅದೇ ಪ್ರಮಾಣದ ಸಾಗವಾನಿ ಸುಮಾರು 18 ಕಿಲೋ. ತೂಕಕ್ಕಿಂತ ಮುಖ್ಯವಾದುದು ಗಟ್ಟಿತನ ಹಾಗೂ ಪೆಟ್ಟು ತಾಳುವ ಶಕ್ತಿ. ಈ ಎರಡರಲ್ಲೂ ಕರಿಜಾಲಿ ಸಾಗವಾನಿಯನ್ನು ಹಿಂದಿಕ್ಕುತ್ತದೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಪೆಟ್ಟು ಬಿದ್ದಾಗ ಕಟ್ಟಿಗೆ ಸುಲಭವಾಗಿ ಸೀಳುವುದಿಲ್ಲ.

ಹಾಗೆಂದು ಕರಿಜಾಲಿ ಎಲ್ಲದಕ್ಕೂ ಸಲ್ಲುವ ಕಟ್ಟಿಗೆಯಲ್ಲ. ಒಣಗಿದ ಮೇಲೆ ಅದನ್ನು ಕೆತ್ತುವುದು ಪ್ರಯಾಸ. ಉಳಿ ಮತ್ತು ಗರಗಸದ ಮೊನೆ ಬೇಗ ಮೊಂಡಾಗುತ್ತದೆ. ನೇರವಾದ ಉದ್ದನೆಯ ಹಲಗೆ ಸಿಗುವುದು ವಿರಳ. ಬಾಗಿಲು, ಕಪಾಟು, ಮಂಚಕ್ಕೆ ಸಾಗವಾನಿಯೇ ಮೇಲು. ಗೋಕಾಕದ ಪ್ರಸಿದ್ಧ ಬಣ್ಣದ ಗೊಂಬೆಗಳು, ಕಟ್ಟಿಗೆಯ ಹಣ್ಣು ಕಾಯಿಗಳಿಗೆ ಕಲಾವಿದರು ಆರಿಸಿಕೊಳ್ಳುವುದು ಹಗುರವಾದ ಮೃದು ಕಟ್ಟಿಗೆಯನ್ನು, ಜಾಲಿಯನ್ನಲ್ಲ. ಒಂದೇ ಊರಿನಲ್ಲಿ ಗೊಂಬೆಗೆ ಒಂದು ಮರ, ಗಾಲಿಗೆ ಇನ್ನೊಂದು ಮರ ಎಂದು ವಿಂಗಡಿಸಿಕೊಂಡ ಕುಶಲಕರ್ಮಿಗಳ ವಿವೇಕ ಮೆಚ್ಚತಕ್ಕದ್ದು.

ಗಾಲಿಯ ಗುಟ್ಟು

ಕರಿಜಾಲಿಯ ಶಕ್ತಿಯನ್ನು ಅರಿಯಬೇಕಾದರೆ ಚಕ್ಕಡಿಯ ಗಾಲಿಯನ್ನು ನೋಡಬೇಕು. ಗಾಲಿಯ ನಡುವೆ ಗುಂಬ, ಅದರಿಂದ ಹೊರಡುವ ಅರಗಳು, ಅರಗಳ ತುದಿಯನ್ನು ಕೂಡಿಸುವ ಬಾಗಿದ ಕಟ್ಟಿಗೆಯ ತುಂಡುಗಳು, ಎಲ್ಲವನ್ನೂ ಬಿಗಿಯುವ ಕಬ್ಬಿಣದ ಹಳಿ ಇವು ಗಾಲಿಯ ಭಾಗಗಳು. ಇಲ್ಲಿ ಮೊಳೆಗೆ ಹೆಚ್ಚಿನ ಕೆಲಸವಿಲ್ಲ. ಅರಗಳನ್ನು ಗುಂಬದ ರಂಧ್ರಗಳಿಗೆ ಬಡಿದು ಕೂರಿಸಲಾಗುತ್ತದೆ. ನಂತರ ಗಾಲಿಯ ಸುತ್ತಳತೆಗಿಂತ ತುಸು ಕಿರಿದಾದ ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಾರೆ. ಕಾದು ಹಿಗ್ಗಿದ ಕಬ್ಬಿಣ ತಣಿದು ಕುಗ್ಗುವಾಗ ಇಡೀ ಗಾಲಿಯನ್ನು ಸುತ್ತಲಿಂದಲೂ ಹಿಂಡುತ್ತದೆ.

ಆ ಹಿಂಡುವಿಕೆಗೆ ಮೃದು ಕಟ್ಟಿಗೆ ಜಜ್ಜಿ ಹೋಗುತ್ತದೆ. ಪೆಡಸು ಕಟ್ಟಿಗೆ ಬಿರುಕು ಬಿಡುತ್ತದೆ. ಎರಡೂ ಆಗದೆ ತಡೆದು ನಿಲ್ಲುವುದು ಕರಿಜಾಲಿಯಂಥ ಗಟ್ಟಿಯಾದರೂ ಪುಟಿಯುವ ಗುಣವುಳ್ಳ ಕಟ್ಟಿಗೆ. ಕಬ್ಬು ಹೇರಿದ ಚಕ್ಕಡಿ ಎರೆ ಹೊಲದ ಬಿರುಕು, ಹಳ್ಳದ ಕಲ್ಲುಗಳ ಮೇಲೆ ಉರುಳುವಾಗ ಪ್ರತಿ ಪೆಟ್ಟೂ ಗುಂಬಕ್ಕೆ ಮುಟ್ಟುತ್ತದೆ. ವರ್ಷಗಳ ಕಾಲ ಅದನ್ನು ತಾಳುವ ಶಕ್ತಿ ಇರುವುದರಿಂದಲೇ ಬಡಿಗೇರರ ಮೊದಲ ಆಯ್ಕೆ ಜಾಲಿಯಾಗಿತ್ತು. ಕೊಂಬೆಗಳ ಸಹಜ ಬಾಗೂ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಬಾಗಿದ ಕೊಂಬೆಯನ್ನೇ ಆರಿಸಿ ಕೆತ್ತಿದರೆ ಗಾಲಿಯ ಸುತ್ತಿನ ತುಂಡಿನಲ್ಲಿ ಎಳೆ ಕಡಿಯುವುದಿಲ್ಲ; ತುಂಡು ಬಲವಾಗುತ್ತದೆ.

ಗಾಲಿಯಲ್ಲದೆ ನೊಗ, ರಂಟೆ, ಕುಂಟೆ, ಕೂರಿಗೆ, ಗಾಣ, ಒನಕೆ, ಗೂಟ, ಗುದ್ದಲಿಯ ಕಾವುಗಳೂ ಜಾಲಿಯಿಂದಲೇ ತಯಾರಾಗುತ್ತಿದ್ದವು. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಈ ಮರಕ್ಕೆ ಅಕ್ಷರಶಃ ಒಪ್ಪುತ್ತದೆ. ಈ ಸಾಮಾನುಗಳ ಸುತ್ತ ಒಂದು ಗ್ರಾಮೀಣ ಅರ್ಥವ್ಯವಸ್ಥೆಯೇ ಇತ್ತು. ರೈತ ತನ್ನ ಬದುವಿನ ಮರ ಕೊಡುತ್ತಿದ್ದ. ಬಡಿಗೇರ ಸಾಮಾನು ಮಾಡಿಕೊಡುತ್ತಿದ್ದ. ಕಮ್ಮಾರ ಹಳಿ ಕಟ್ಟುತ್ತಿದ್ದ. ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ ಸಲ್ಲುತ್ತಿತ್ತು. ಮರ, ಕೈಕೆಲಸ ಮತ್ತು ಬೆಳೆ ಒಂದನ್ನೊಂದು ಅವಲಂಬಿಸಿದ್ದ ವ್ಯವಸ್ಥೆ ಅದು.

ತೊಗಟೆಯಿಂದ ಚಪ್ಪಲಿಯವರೆಗೆ

ಕರಿಜಾಲಿಯ ತೊಗಟೆ ಮತ್ತು ಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೇರಳವಾಗಿದೆ. ತೊಗಟೆಯಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ 12ರಿಂದ 20ರಷ್ಟು. ಹಸಿ ಚರ್ಮದಲ್ಲಿರುವ ಪ್ರೋಟೀನಿನೊಂದಿಗೆ ಟ್ಯಾನಿನ್ ಬೆರೆತಾಗ ಚರ್ಮ ಕೊಳೆಯುವುದು ನಿಲ್ಲುತ್ತದೆ. ಮೆತುವಾಗಿ, ನೀರು ತಾಳುವ ತೊಗಲಾಗಿ ಮಾರ್ಪಡುತ್ತದೆ. ಇದನ್ನೇ ಚರ್ಮ ಹದ ಮಾಡುವುದು ಎನ್ನುತ್ತೇವೆ.

ಬೆಳಗಾವಿ ಜಿಲ್ಲೆಗೆ ಈ ವಿದ್ಯೆ ಹೊಸದಲ್ಲ. ಅಥಣಿ, ನಿಪ್ಪಾಣಿ ಭಾಗದ ಕುಶಲಕರ್ಮಿಗಳು ತಯಾರಿಸುವ, ಕೊಲ್ಹಾಪುರಿ ಎಂದು ಲೋಕಪ್ರಸಿದ್ಧವಾದ ಚಪ್ಪಲಿಯ ಚರ್ಮವನ್ನು ಸಾಂಪ್ರದಾಯಿಕವಾಗಿ ಹದ ಮಾಡುವುದು ಜಾಲಿಯ ತೊಗಟೆ ಹಾಗೂ ಅಳಲೆಕಾಯಿಯಿಂದ. ಹೊಲಿದ ಚರ್ಮದ ಚೀಲದೊಳಗೆ ತೊಗಟೆಯ ಚೂರು ತುಂಬಿ, ನೀರು ಹೊಯ್ದು ತೂಗುಹಾಕುವ ಪದ್ಧತಿ ಇದೆ. ಆ ಚಪ್ಪಲಿಯ ಸಹಜ ಕಂದು ಬಣ್ಣದಲ್ಲಿ ಜಾಲಿಯ ಪಾಲೂ ಇದೆ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇದೇ ಮಾದರಿಯ ಪಾದರಕ್ಷೆಯನ್ನು ಮೂಲದ ಹೆಸರು ಹೇಳದೆ ಮಿಲಾನ್ ನಗರದಲ್ಲಿ ಪ್ರದರ್ಶಿಸಿ ಟೀಕೆಗೆ ಗುರಿಯಾದುದು, ಬಳಿಕ ಭಾರತೀಯ ಕುಶಲಕಲೆಯ ಪ್ರೇರಣೆಯನ್ನು ಒಪ್ಪಿಕೊಂಡುದು ಸುದ್ದಿಯಾಯಿತು. ಹೊಲಿದ ಕೈಗೆ ಹೆಸರು ಬರಬೇಕೆಂಬ ಕೂಗು ನ್ಯಾಯವಾದುದೇ. ಆದರೆ ಆ ಚರ್ಮಕ್ಕೆ ಹದ ಕೊಟ್ಟ ಮರದ ಕುರಿತು ಯಾರೂ ಮಾತನಾಡಲಿಲ್ಲ. ರಾಸಾಯನಿಕ ಹದಗಾರಿಕೆಯ ಪೈಪೋಟಿಯ ನಡುವೆ ಸಸ್ಯಜನ್ಯ ಹದದ ಕೆಲಸ ಉಳಿಯಬೇಕಾದರೆ ತೊಗಟೆ ಕೊಡುವ ಮರವೂ ಉಳಿಯಬೇಕಲ್ಲವೇ?

ಅಂಟಿನ ನಂಟು

ಮತ್ತೆ ಕರದಂಟಿಗೆ ಬರೋಣ. ಜಾಲಿಯ ತೊಗಟೆಗೆ ಗಾಯವಾದಾಗ, ವಿಶೇಷವಾಗಿ ಬೇಸಿಗೆಯಲ್ಲಿ, ಅಂಟು ಒಸರುತ್ತದೆ. ಗಾಯವನ್ನು ಮುಚ್ಚಿಕೊಳ್ಳಲು ಮರ ಮಾಡಿಕೊಳ್ಳುವ ಉಪಾಯ ಅದು. ಒಸರಿದ ಅಂಟು ಗಾಳಿಗೆ ಒಣಗಿ ಹಳದಿಯಿಂದ ಕಂದು ಬಣ್ಣದ ಹರಳಿನಂತೆ ಗಟ್ಟಿಯಾಗುತ್ತದೆ. ಕುರಿ ಕಾಯುವ ಹುಡುಗರು ಅದನ್ನು ಬಿಡಿಸಿ ಬಾಯಿಗೆ ಹಾಕಿಕೊಳ್ಳುವುದು ಹಳ್ಳಿಗರಿಗೆ ತಿಳಿಯದ ಸಂಗತಿಯೇನಲ್ಲ.

ಕರದಂಟಿನಲ್ಲಿ ಬೆಲ್ಲ, ಒಣ ಕೊಬ್ಬರಿ, ಗೋಡಂಬಿ, ಬದಾಮಿ, ಉತ್ತತ್ತಿಗಳ ಜೊತೆ ತುಪ್ಪದಲ್ಲಿ ಕರಿದ ಅಂಟು ಸೇರುತ್ತದೆ. ಅಂಟಿನ ಹರಳಿನಲ್ಲಿ ಉಳಿದಿರುವ ಅಲ್ಪ ತೇವ ಕಾದ ತುಪ್ಪದಲ್ಲಿ ಆವಿಯಾಗಿ ಹೊರಬರುವಾಗ ಹರಳು ಉಬ್ಬಿ ಗರಿಗರಿಯಾಗುತ್ತದೆ. ಬಾಣಂತಿಯರಿಗೆ ಕೊಡುವ ಅಂಟಿನ ಉಂಡಿಯ ಕ್ರಮವೂ ಇದೇ. ಮಾರುಕಟ್ಟೆಗೆ ಬರುವ ತಿನ್ನುವ ಅಂಟು ಒಂದೇ ಮರದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಜಾಲಿಯೊಂದಿಗೆ ದಿಂಡಲ ಮೊದಲಾದ ಮರಗಳ ಅಂಟೂ ವ್ಯಾಪಾರದಲ್ಲಿದೆ. ಜಗತ್ತಿನಾದ್ಯಂತ ತಂಪು ಪಾನೀಯ, ಔಷಧ, ಶಾಯಿಗಳಲ್ಲಿ ಬಳಸುವ ಅರಬ್ಬಿ ಅಂಟು ಬರುವುದು ಮುಖ್ಯವಾಗಿ ಆಫ್ರಿಕಾದ ಸುಡಾನ್ ಮತ್ತು ನೆರೆಯ ದೇಶಗಳಲ್ಲಿ ಬೆಳೆಯುವ, ಜಾಲಿಯ ಹತ್ತಿರದ ಬಂಧುವಾದ ಇನ್ನೊಂದು ಮರದಿಂದ. ಗೋಕಾಕದ ಸಿಹಿಯ ಹೆಸರು ಉಳಿದು, ಅದರ ಅಂಟಿನ ಮರ ಊರ ಬದುವಿನಿಂದ ಅಳಿದರೆ ಅದೊಂದು ವಿಪರ್ಯಾಸವೇ ಸರಿ.

ಮೇವು, ಉರುವಲು, ಮನೆಮದ್ದು

ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಕುರಿ, ಮೇಕೆಗಳಿಗೆ ಜಾಲಿಯ ಎಲೆ ಮತ್ತು ಕಾಯಿ ಆಸರೆ. ಕುರಿಗಾಹಿಗಳು ದೋಟಿಯಿಂದ ಕೊಂಬೆ ಎಳೆದು, ಕಾಯಿ ಉದುರಿಸುವ ನೋಟ ಮೂಡಲಗಿ ಭಾಗದ ಎರೆ ಸೀಮೆಯಲ್ಲಿ ಸಾಮಾನ್ಯ. ಕಾಯಿಯಲ್ಲಿ ಪ್ರೋಟೀನು ಚೆನ್ನಾಗಿದೆ. ಆದರೆ ಒಗರಿನ ಅಂಶ ಹೆಚ್ಚಿರುವುದರಿಂದ ಇದೊಂದನ್ನೇ ಮೇವಾಗಿ ನೀಡದೆ ಬೇರೆ ಮೇವಿನೊಂದಿಗೆ ಕೊಡುವುದು ಒಳ್ಳೆಯದು.

ಉರುವಲಾಗಿ ಜಾಲಿಯದು ಎತ್ತಿದ ಕೈ. ಒಂದು ಕಿಲೋ ಕೆಚ್ಚಿನ ಕಟ್ಟಿಗೆ ಸುಮಾರು 4,950 ಕಿಲೋ ಕ್ಯಾಲೊರಿಯಷ್ಟು ಶಾಖ ಕೊಡುತ್ತದೆ. ನಿಧಾನವಾಗಿ, ಹೆಚ್ಚು ಹೊತ್ತು ಉರಿಯುವ ಇದರ ಇದ್ದಿಲು ಕಮ್ಮಾರರ ಕುಲುಮೆಗೂ ಪ್ರಿಯ. ಎಳೆಯ ಕಡ್ಡಿ ಹಲ್ಲುಜ್ಜಲು, ತೊಗಟೆಯ ಕಷಾಯ ಬಾಯಿ ಮುಕ್ಕಳಿಸಲು ಮನೆಮದ್ದಾಗಿ ಬಳಕೆಯಲ್ಲಿದೆ. ವಸಡಿನ ರಕ್ತಸ್ರಾವ, ಭೇದಿಗೆ ಇದನ್ನು ಬಳಸುವ ರೂಢಿಯೂ ಇದೆ. ಒಗರು ಗುಣ ಇದಕ್ಕೆ ಕಾರಣ. ಆದರೆ ಕಾಯಿಲೆ ಮುಂದುವರಿದರೆ ವೈದ್ಯರನ್ನು ಕಾಣುವುದೇ ಸರಿ.

ಹಕ್ಕಿಗಳಿಗೂ ಈ ಮರ ಬೇಕು. ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಗೆ ಗೀಜಗ ಗೂಡು ಕಟ್ಟುವುದು ಹಾವು, ಬೆಕ್ಕುಗಳ ಕೈಗೆ ಮರಿ ಸಿಗದಿರಲೆಂದು. ಕೆರೆಯಂಗಳದ ಜಾಲಿ ತೋಪುಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿಗಳು ಗುಂಪಾಗಿ ಗೂಡು ಕಟ್ಟುತ್ತವೆ. ಮನುಷ್ಯನಿಗೆ ಅಡ್ಡಿಯಾದ ಮುಳ್ಳು ಅವುಗಳಿಗೆ ಕಾವಲು.

ಸವಳು ನೆಲದ ಸಂಗಾತಿ

ಜಾಲಿಯ ಇನ್ನೊಂದು ಗುಣ ಇಂದಿನ ಕಾಲಕ್ಕೆ ಹೆಚ್ಚು ಪ್ರಸ್ತುತವಾದುದು. ಬರ ಮತ್ತು ನೆರೆ ಎರಡನ್ನೂ ತಾಳಿಕೊಳ್ಳುವ ಮರಗಳು ಕಡಿಮೆ; ಜಾಲಿ ಅವುಗಳಲ್ಲೊಂದು. ಬೇರು ಆಳಕ್ಕಿಳಿದು ಬೇಸಿಗೆಯಲ್ಲಿ ನೀರು ಹುಡುಕುತ್ತದೆ. ಬುಡದಲ್ಲಿ ವಾರಗಟ್ಟಲೆ ನೀರು ನಿಂತರೂ ಬೆಳೆದ ಮರ ಸಾಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರ ಹಾಗೂ ನದಿತೀರದ ಹಳ್ಳಿಗಳು ಜಲಾವೃತಗೊಂಡುದನ್ನು ಜನ ಮರೆತಿಲ್ಲ. ಹಳ್ಳ ಹಾಗೂ ನದಿ ದಂಡೆಯ ಮಣ್ಣನ್ನು ಬಿಗಿಹಿಡಿಯುವ ಮರಗಳ ಅಗತ್ಯವನ್ನು ಅಂಥ ನೆರೆಗಳು ನೆನಪಿಸುತ್ತವೆ.

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿರುವ, 51 ಟಿಎಂಸಿ ಅಡಿ ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯ ಹಾಗೂ ಗೋಕಾಕ ತಾಲ್ಲೂಕಿನ ಧೂಪದಾಳದ ಒಡ್ಡು ಈ ಸೀಮೆಯ ನೀರಾವರಿಯ ಜೀವಾಳ. ಕಾಲುವೆ ನೀರು ಬಂದ ಮೇಲೆ ಕಬ್ಬು ಬಂದಿತು, ಆದಾಯ ಬಂದಿತು. ಅದರ ಬೆನ್ನಿಗೇ ಸವಳು ಜವಳಿನ ಸಮಸ್ಯೆಯೂ ಬಂದಿತು. ಎರೆ ಮಣ್ಣಿನಲ್ಲಿ ನೀರು ಬಸಿದು ಹೋಗುವುದು ನಿಧಾನ. ಅತಿಯಾಗಿ ನೀರು ಹಾಯಿಸಿದಾಗ ಅಂತರ್ಜಲ ಮೇಲೇರಿ, ತನ್ನೊಂದಿಗೆ ತಂದ ಲವಣವನ್ನು ಮೇಲ್ಮಣ್ಣಿನಲ್ಲಿ ಬಿಟ್ಟು ಆವಿಯಾಗುತ್ತದೆ. ಕ್ರಮೇಣ ಹೊಲದ ಮೇಲೆ ಬಿಳಿ ಪುಡಿ ಕಾಣಿಸಿಕೊಂಡು ಬೆಳೆ ಕುಂಠಿತವಾಗುತ್ತದೆ.

ಇಂಥ ನೆಲದಲ್ಲೂ ಬದುಕಬಲ್ಲ ಮರಗಳ ಪಟ್ಟಿಯಲ್ಲಿ ಕರಿಜಾಲಿಗೆ ಮುಖ್ಯ ಸ್ಥಾನವಿದೆ. ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣಾಂಶ ಸಂಶೋಧನಾ ಸಂಸ್ಥೆಯು ತೀವ್ರ ಕ್ಷಾರ ಭೂಮಿಗೆ ಹೊಂದುವ ಮರಗಳಲ್ಲಿ ಇದನ್ನು ಸೇರಿಸಿದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಉದುರಿದ ಎಲೆ ಮಣ್ಣಿಗೆ ಸಾವಯವ ಅಂಶ ಸೇರಿಸುತ್ತದೆ. ಹಾಳಾದ ನೆಲವನ್ನು ಜಾಲಿಯೊಂದೇ ಸರಿಪಡಿಸಲಾರದು. ಬಸಿಗಾಲುವೆ, ಮಿತವಾದ ನೀರು ಬೇಕೇ ಬೇಕು. ಆದರೆ ಏನೂ ಬೆಳೆಯದೆ ಬಿದ್ದಿರುವ ಮೂಲೆಯಲ್ಲಿ ಒಂದು ಬೆಲೆಯುಳ್ಳ ಮರವಂತೂ ಬೆಳೆದೀತು.

ಏಕೆ ಸರಿಯಿತು?

ಇಷ್ಟೊಂದು ಗುಣವುಳ್ಳ ಮರ ಬದುವಿನಿಂದ ಮರೆಯಾಗಲು ಕಾರಣಗಳು ಹಲವು. ಮೊದಲನೆಯದು ಚಕ್ಕಡಿಯ ಬದಲಾವಣೆ. ಕಟ್ಟಿಗೆಯ ಗಾಲಿಯ ಸ್ಥಾನಕ್ಕೆ ರಬ್ಬರ್ ಟೈರು ಬಂದಿತು. ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಿತು. ರಂಟೆ, ಕುಂಟೆಗಳು ಕಬ್ಬಿಣದವಾದವು. ಗಾಲಿ ಮಾಡುವ ಕೆಲಸವಿಲ್ಲದ ಬಡಿಗೇರರ ಮನೆಯ ಮಕ್ಕಳು ಬೇರೆ ಉದ್ಯೋಗ ಹಿಡಿದರು. ಬೇಡಿಕೆ ತಪ್ಪಿದ ಮರ ರೈತನ ಕಣ್ಣಿಗೆ ಕೇವಲ ಮುಳ್ಳಾಯಿತು.

ಎರಡನೆಯದು ಬೆಳೆಯ ಲೆಕ್ಕಾಚಾರ. ಜಾಲಿಯ ನೆರಳು ಬಿದ್ದಷ್ಟು ಜಾಗದಲ್ಲಿ ಇಳುವರಿ ಕಡಿಮೆ ಎಂಬುದು ನಿಜ. ಅದರ ಬೇರು ಬೆಳೆಯೊಂದಿಗೆ ನೀರಿಗೆ ಪೈಪೋಟಿ ಮಾಡುತ್ತದೆ. ಒಂದೊಂದು ಸಾಲು ಕಬ್ಬಿಗೂ ಬೆಲೆ ಬಂದ ಮೇಲೆ ಬದು ಕಿರಿದಾಯಿತು, ಬದುವಿನ ಮರ ಉರುಳಿತು. ಹೊಲದೊಳಗೆ ಯಂತ್ರ ತಿರುಗಲು ಮರ ಅಡ್ಡಿ ಎಂಬ ಭಾವನೆಯೂ ಸೇರಿತು. ಮುಳ್ಳು ಟೈರಿಗೂ ಕಾಲಿಗೂ ಚುಚ್ಚುತ್ತದೆ ಎಂಬ ದೂರಂತೂ ಹಳೆಯದೇ. ಮೂರನೆಯದು ಮೇಲೆ ಹೇಳಿದ ಹೆಸರಿನ ಗೊಂದಲ.

ನಾಲ್ಕನೆಯದೊಂದಿದೆ, ಅದು ಕೆಟ್ಟ ಹೆಸರು. ಪುರಂದರದಾಸರ ಜನಪ್ರಿಯ ಕೀರ್ತನೆಯೊಂದರಲ್ಲಿ ದುರ್ಜನರನ್ನು ಜಾಲಿಯ ಮರಕ್ಕೆ ಹೋಲಿಸಲಾಗಿದೆ. ದಾಸರ ಉದ್ದೇಶ ಮನುಷ್ಯರ ನಡತೆಯನ್ನು ತಿದ್ದುವುದಾಗಿತ್ತೇ ಹೊರತು ಮರದ ಮೌಲ್ಯಮಾಪನವಾಗಿರಲಿಲ್ಲ. ಆದರೂ ಜಾಲಿ ಎಂದರೆ ನಿರುಪಯೋಗಿ ಎಂಬ ಭಾವನೆ ಜನಮನದಲ್ಲಿ ಬೇರೂರಿತು. ರೈತನ ಅನುಭವ ಮಾತ್ರ ಇದಕ್ಕೆ ವಿರುದ್ಧವಾಗಿತ್ತು.

ಇಲ್ಲಿ ಬಂಧು, ಅಲ್ಲಿ ಕಳೆ

ಮರವೊಂದರ ಒಳಿತು ಕೆಡುಕು ಅದು ನಿಂತ ನೆಲವನ್ನೂ ಅವಲಂಬಿಸಿದೆ. ಭಾರತ ಉಪಖಂಡದ ಇದೇ ಜಾಲಿಯನ್ನು 19ನೇ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತಕ್ಕೆ ಒಯ್ಯಲಾಯಿತು. ದನ, ಕುರಿಗಳಿಗೆ ನೆರಳು, ಮೇವು ಸಿಗಲಿ ಎಂಬುದು ಉದ್ದೇಶ. ಕಾಯಿ ತಿಂದ ದನಗಳು ಬೀಜವನ್ನು ಊರೂರಿಗೆ ಹರಡಿದವು. ಇಂದು ಅಲ್ಲಿನ ವಿಶಾಲ ಹುಲ್ಲುಗಾವಲುಗಳನ್ನು ಆವರಿಸಿರುವ ಜಾಲಿಯನ್ನು ಆ ದೇಶವು ರಾಷ್ಟ್ರೀಯ ಮಹತ್ವದ ಕಳೆಗಳ ಪಟ್ಟಿಗೆ ಸೇರಿಸಿದೆ. ಇಂಡೋನೇಷ್ಯಾದ ಜಾವಾ ದ್ವೀಪದ ಬಲುರಾನ್ ರಾಷ್ಟ್ರೀಯ ಉದ್ಯಾನದ ಹುಲ್ಲುಗಾವಲಿನಲ್ಲೂ ಇದೇ ತೊಂದರೆ.

ಅಂದರೆ ಬಳ್ಳಾರಿ ಜಾಲಿ ನಮಗೆ ಏನಾಗಿದೆಯೋ ಕರಿಜಾಲಿ ಅವರಿಗೆ ಅದಾಗಿದೆ. ಇದರಿಂದ ನಾವು ಕಲಿಯಬೇಕಾದ ಪಾಠ ಸರಳ. ತನ್ನ ನೆಲದಲ್ಲಿ ಮೇಯುವ ಪ್ರಾಣಿ, ಕಡಿಯುವ ಕೈ, ತಿನ್ನುವ ಕೀಟಗಳ ನಡುವೆ ಮರ ಅಂಕೆಯಲ್ಲಿರುತ್ತದೆ. ಪರನೆಲದಲ್ಲಿ ಅಂಕೆ ತಪ್ಪುತ್ತದೆ. ನಮ್ಮಲ್ಲೂ ಸಹಜವಾದ ಹುಲ್ಲುಗಾವಲು, ಮೇವಿನ ಮಾಳಗಳಲ್ಲಿ ಜಾಲಿಯನ್ನು ದಟ್ಟವಾಗಿ ನೆಡದೆ ಬದು, ದಂಡೆ, ಸವಳು ನೆಲಗಳಿಗೆ ಸೀಮಿತಗೊಳಿಸುವುದು ಸೂಕ್ತ.

ಬೆಳೆಸುವ ಬಗೆ

ಆಸಕ್ತ ರೈತರಿಗೆ ಕೆಲವು ಮಾಹಿತಿ ಇಲ್ಲಿದೆ. ಬೇಸಿಗೆಯಲ್ಲಿ ಬಲಿತ ಕಾಯಿಗಳನ್ನು ಸಂಗ್ರಹಿಸಿ, ಒಣಗಿಸಿ, ಬಡಿದು ಬೀಜ ಬೇರ್ಪಡಿಸಬೇಕು. ಬೀಜದ ಸಿಪ್ಪೆ ಗಟ್ಟಿಯಾಗಿರುವುದರಿಂದ ಹಾಗೆಯೇ ಬಿತ್ತಿದರೆ ಮೊಳಕೆ ತಡವಾಗುತ್ತದೆ. ಕುದಿಸಿ ಇಳಿಸಿದ ನೀರಿನಲ್ಲಿ ಹಾಕಿ, ಅದೇ ನೀರು ಆರುವಂತೆ ಒಂದು ರಾತ್ರಿ ಬಿಟ್ಟು ಬಿತ್ತುವುದು ರೂಢಿ. ಇದಕ್ಕಿಂತ ಸುಲಭದ ಉಪಾಯ ಕುರಿಗಾಹಿಗಳಿಗೆ ಗೊತ್ತು. ಕುರಿ, ಮೇಕೆ ತಿಂದು ಹಟ್ಟಿಯಲ್ಲಿ ಉದುರಿಸಿದ ಬೀಜ ಚೆನ್ನಾಗಿ ಮೊಳೆಯುತ್ತದೆ. ಹೊಟ್ಟೆಯಲ್ಲಿನ ರಸಕ್ಕೆ ಸಿಪ್ಪೆ ಮೆದುವಾಗಿರುತ್ತದೆ.

ಮುಂಗಾರು ಆರಂಭವಾದೊಡನೆ ಬದುವಿನಲ್ಲಿ ನೇರವಾಗಿ ಬೀಜ ಊರಬಹುದು ಅಥವಾ ಚೀಲದಲ್ಲಿ ಬೆಳೆಸಿದ ಸಸಿ ನೆಡಬಹುದು. ಮರದಿಂದ ಮರಕ್ಕೆ ಐದಾರು ಮೀಟರ್ ಅಂತರವಿರಲಿ. ಜಾಲಿಗೆ ಬಿಸಿಲು ಬೇಕು. ಬೇರೆ ಮರದ ನೆರಳಿನಲ್ಲಿ ಏಳುವುದಿಲ್ಲ. ಮೊದಲ ಎರಡು ಮೂರು ವರ್ಷ ಮೇಕೆಗಳಿಂದ ಕಾಪಾಡಬೇಕು, ಕಳೆ ತೆಗೆಯಬೇಕು. ಬಳಿಕ ಕೆಳಗಿನ ಕೊಂಬೆಗಳನ್ನು ಪ್ರತಿವರ್ಷ ಸವರಿದರೆ ಕಾಂಡ ನೇರವಾಗುತ್ತದೆ, ಬೆಳೆಯ ಮೇಲಿನ ನೆರಳೂ ತಗ್ಗುತ್ತದೆ, ಸವರಿದ ಮುಳ್ಳು ಬೇಲಿಗಾಗುತ್ತದೆ. ಹದಿನೈದರಿಂದ ಇಪ್ಪತ್ತು ವರ್ಷಗಳಲ್ಲಿ ಕಟ್ಟಿಗೆ ಕೈಗೆ ಬರುತ್ತದೆ. ಕಡಿಯುವ ಮುನ್ನ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ನಿಯಮಗಳ ಬಗ್ಗೆ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಅರಣ್ಯ ಇಲಾಖೆಯು 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ, ನೆಟ್ಟು ಬದುಕಿಸಿದ ಸಸಿಗಳಿಗೆ ಪ್ರೋತ್ಸಾಹಧನ ನೀಡುವ ಕ್ರಮವಿದ್ದು, ಯಾವ ಜಾತಿಯ ಸಸಿ ಲಭ್ಯ ಎಂಬುದನ್ನು ಅಲ್ಲಿಯೇ ತಿಳಿಯಬಹುದು.

ಕೊನೆಯ ಮಾತು

ಕಟ್ಟಿಗೆಯ ಗಾಲಿಯ ಕಾಲ ಮರಳಿ ಬರಲಾರದು. ಬರಬೇಕೆಂದು ಬಯಸುವುದೂ ಸಲ್ಲದು. ಟೈರಿನ ಚಕ್ಕಡಿ ಎತ್ತಿನ ಹೆಗಲಿನ ಭಾರ ಇಳಿಸಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಜಾಲಿಯ ಕೆಲಸ ಗಾಲಿಯೊಂದಿಗೆ ಮುಗಿದಿಲ್ಲ. ಸವಳು ಏರುತ್ತಿರುವ ಹೊಲ, ನೆರೆಗೆ ಕೊಚ್ಚಿ ಹೋಗುವ ಹಳ್ಳದ ದಂಡೆ, ಬೇಸಿಗೆಯ ಮೇವಿನ ಕೊರತೆ, ತೊಗಟೆಯನ್ನು ನೆಚ್ಚಿದ ಚರ್ಮದ ಕೈಕೆಲಸ ಇವೆಲ್ಲ ಇಂದಿನ ಪ್ರಶ್ನೆಗಳೇ. ಅವುಗಳಿಗೆ ಅಲ್ಪಸ್ವಲ್ಪವಾದರೂ ಉತ್ತರ ಕೊಡಬಲ್ಲ ಮರ ನಮ್ಮ ಬದುವಿನಲ್ಲೇ ಇದೆ.

ಬಳ್ಳಾರಿ ಜಾಲಿಯನ್ನು ತೆಗೆಯಲು ಕೊಡಲಿ ಎತ್ತುವ ಮುನ್ನ ಒಮ್ಮೆ ಕೊಂಬೆಯತ್ತ ಕಣ್ಣು ಹಾಯಿಸಿದರೆ ಸಾಕು. ಅಲ್ಲಿ ಹಳದಿ ಚೆಂಡಿನ ಹೂವು, ಮಣಿಸರದ ಕಾಯಿ ಕಂಡರೆ ಅದು ಊರಿನ ಮರ. ಅದನ್ನು ಬಿಟ್ಟುಬಿಡುವುದು ಎಲ್ಲರಿಗೂ ಕ್ಷೇಮ.